ಪ್ರೊಸೆಸರ್ ಓವರ್‌ಕ್ಲಾಕಿಂಗ್: ವೇಗ, ವೋಲ್ಟೇಜ್ ಮತ್ತು ದೋಹಾದ ಬೇಸಿಗೆ



ಬೇಸಿಗೆ ರಜೆ ಬಂತೆಂದರೆ ಇಲ್ಲಿ ಮಕ್ಕಳಿಗೆಲ್ಲ ಗೃಹಬಂಧನ. ಹೊರಗೆ 45 ಡಿಗ್ರಿ ಬಿಸಿಲು, ಒಳಗೆ ಎ.ಸಿ. ಮತ್ತು ಕಂಪ್ಯೂಟರ್. ನಜ್ಮಾದ ನಮ್ಮ ಫ್ಲಾಟಿನ ಕಥೆಯೂ ಅದೇ. ಈ ದಿನಗಳಲ್ಲಿ ಅನೇಕ ಮನೆಗಳಲ್ಲಿ ಮಕ್ಕಳು ಕಂಪ್ಯೂಟರ್ ಓವರ್‌ಕ್ಲಾಕ್ ಮಾಡಬಹುದೇ ಎಂದು ಕೇಳುತ್ತಿರುವುದರಿಂದ, ನಾವು ಮಾಡಿ ಕೈ ಸುಟ್ಟುಕೊಂಡ ಅನುಭವವನ್ನು ನಿಮ್ಮೊಂದಿಗೆ ಹಂಚಿಕೊಳ್ಳುತ್ತಿದ್ದೇವೆ.

ಎರಡು ವರ್ಷದ ಹಿಂದೆ, ಜನವರಿಯಲ್ಲಿ, ಎಂಟನೇ ತರಗತಿಯ ಮಗ ಬಂದು, "ಅಪ್ಪಾ, ನಮ್ಮ ಪ್ರೊಸೆಸರ್ 4.1 ಗಿಗಾಹರ್ಟ್ಸ್‌ನಲ್ಲೇ ಯಾಕೆ ಓಡಬೇಕು? 4.7ಕ್ಕೆ ಏರಿಸಬಹುದಂತೆ" ಎಂದ. ಕಂಪ್ಯೂಟರ್ ಓದಿದ ನಮಗೂ ಆಸೆ ತಡೆಯಲಿಲ್ಲ. ಕಾಲೇಜಿನ ದಿನಗಳಲ್ಲಿ ಕೇಳಿದ ಸೆಲೆರಾನ್ 300ಎ ಕಥೆ ನೆನಪಾಯಿತು. 1998ರಲ್ಲಿ ಬಂದ ಆ 300 ಮೆಗಾಹರ್ಟ್ಸ್‌ನ ಅಗ್ಗದ ಪ್ರೊಸೆಸರನ್ನು, ಬಸ್ ವೇಗ 66ರಿಂದ 100ಕ್ಕೆ ಬದಲಿಸಿ ಎಷ್ಟೋ ಜನ 450ರಲ್ಲಿ ಓಡಿಸಿದ್ದರು. ಖರ್ಚಿಲ್ಲದೆ ಒಂದೂವರೆ ಪಟ್ಟು ವೇಗ!

ಬಯೋಸ್‌ಗೆ ಹೋಗಿ ವೇಗವನ್ನು 4.7ಕ್ಕೆ ಏರಿಸಿದೆವು. ವಿಂಡೋಸ್ ಶುರುವಾಗಲಿಲ್ಲ. ವೋಲ್ಟೇಜನ್ನು 1.15ರಿಂದ 1.32ಕ್ಕೆ ಏರಿಸಿದ ಮೇಲೆ ಶುರುವಾಯಿತು. ಒಂದು ಗಂಟೆ ಆಟ ಆಡಿಸಿ ನೋಡಿ, ಸರಿಯಾಗಿದೆ ಎಂದು ಮುಗಿಸಿದೆವು.

ವೇಗಕ್ಕೆ ವೋಲ್ಟೇಜ್ ಏಕೆ ಬೇಕು? ಪ್ರೊಸೆಸರಿನ ಗಡಿಯಾರ ಒಂದೊಂದು ಸಲ ಬಡಿದಾಗಲೂ, ಮುಂದಿನ ಬಡಿತದೊಳಗೆ ಟ್ರಾನ್ಸಿಸ್ಟರುಗಳು ತಮ್ಮ ಲೆಕ್ಕ ಮುಗಿಸಿರಬೇಕು. ಬಡಿತಗಳು ಹತ್ತಿರವಾದಷ್ಟೂ ಸಮಯ ಕಡಿಮೆ. ಬೇಗ ಮುಗಿಸಬೇಕೆಂದರೆ ಹೆಚ್ಚು ವೋಲ್ಟೇಜಿನ ಒತ್ತಡ ಬೇಕು. ಒತ್ತಡ ಸಾಲದಿದ್ದರೆ 1 ಇರಬೇಕಾದಲ್ಲಿ 0 ಉಳಿದುಬಿಡುತ್ತದೆ. ಅದೃಷ್ಟವಿದ್ದರೆ ಕಂಪ್ಯೂಟರ್ ಅಲ್ಲೇ ನಿಂತು ನೀಲಿ ಪರದೆ ತೋರಿಸುತ್ತದೆ. ಅದೃಷ್ಟವಿಲ್ಲದಿದ್ದರೆ ತಪ್ಪು ಉತ್ತರವನ್ನೇ ಸರಿ ಎಂದುಕೊಂಡು ಮುಂದೆ ಹೋಗುತ್ತದೆ.

ಈ ಒತ್ತಡಕ್ಕೆ ಬೆಲೆ ಇದೆ. ಪ್ರೊಸೆಸರ್ ಎಳೆಯುವ ವಿದ್ಯುತ್ತು ವೇಗದೊಂದಿಗೆ ನೇರವಾಗಿ ಏರಿದರೆ, ವೋಲ್ಟೇಜಿನೊಂದಿಗೆ ವರ್ಗದಂತೆ ಏರುತ್ತದೆ. ನಮ್ಮದೇ ಲೆಕ್ಕ ಹಾಕೋಣ. 4.1ರಿಂದ 4.7 ಎಂದರೆ ವೇಗ ಸುಮಾರು ಶೇ. 15 ಹೆಚ್ಚು. 1.15ರಿಂದ 1.32 ಎಂದರೆ ವರ್ಗದ ಲೆಕ್ಕದಲ್ಲಿ ಶೇ. 32 ಹೆಚ್ಚು. ಎರಡನ್ನೂ ಗುಣಿಸಿದರೆ ಶೇ. 50ರಷ್ಟು ಹೆಚ್ಚು ಶಾಖ! ಶೇ. 15 ವೇಗಕ್ಕೆ ಶೇ. 50 ಶಾಖ. ಆಟದಲ್ಲಿ ಆ ಶೇ. 15 ಕೂಡ ಪೂರ್ತಿ ಸಿಗಲಿಲ್ಲ, ಏಕೆಂದರೆ ನಮ್ಮಲ್ಲಿ ತಡವಾಗುತ್ತಿದ್ದುದು ಗ್ರಾಫಿಕ್ಸ್ ಕಾರ್ಡಿನಿಂದ. (ಇದನ್ನು ಮಗನಿಗೆ ಒಪ್ಪಿಸಲು ಒಂದು ವಾರ ಹಿಡಿಯಿತು.)

ಜನವರಿಯಲ್ಲಿ ಕಿಟಕಿ ತೆರೆದರೆ ನಮ್ಮ ಹಾಲಿನಲ್ಲಿ 20 ಡಿಗ್ರಿ. ಜೂನ್ ಬಂತು. ಹಳೆಯ ವಿಂಡೋ ಎ.ಸಿ. ಎಷ್ಟು ಗುಡುಗಿದರೂ ಮಧ್ಯಾಹ್ನ 30ಕ್ಕಿಂತ ಕೆಳಗೆ ಇಳಿಯಲಿಲ್ಲ. ಕೋಣೆ ಹತ್ತು ಡಿಗ್ರಿ ಬಿಸಿಯಾದರೆ ಪ್ರೊಸೆಸರ್ ಕೂಡ ಹೆಚ್ಚುಕಡಿಮೆ ಅಷ್ಟೇ ಬಿಸಿಯಾಗುತ್ತದೆ. ಸಾಲದ್ದಕ್ಕೆ ಇಲ್ಲಿನ ನುಣುಪು ಧೂಳು ಹೀಟ್‌ಸಿಂಕಿನ ಸಂದುಗಳಲ್ಲಿ ಹತ್ತಿಯಂತೆ ತುಂಬಿಕೊಂಡಿತ್ತು. ಚಳಿಗಾಲದಲ್ಲಿ 78 ಡಿಗ್ರಿ ಇದ್ದದ್ದು 92 ತೋರಿಸತೊಡಗಿತು.

ಆಗಲೂ ಕಂಪ್ಯೂಟರ್ ನಿಲ್ಲಲಿಲ್ಲ. ನಿಂತಿದ್ದರೇ ಚೆನ್ನಾಗಿತ್ತು. ಅಮ್ಮ ಊರಿನಿಂದ ಬಂದು ಎರಡು ತಿಂಗಳು ನಮ್ಮ ಜೊತೆ ಇದ್ದಾಗ ಕಾರ್ನಿಶ್‌ನಲ್ಲಿ, ಸೂಕ್ ವಾಕಿಫ್‌ನಲ್ಲಿ ತೆಗೆದ ಫೋಟೋಗಳನ್ನೆಲ್ಲ ಆ ಜೂನಿನಲ್ಲಿ ಜಿಪ್ ಮಾಡಿ ಹೊರಗಿನ ಡಿಸ್ಕಿಗೆ ಹಾಕಿ, ಕ್ಯಾಮೆರಾ ಕಾರ್ಡನ್ನು ಖಾಲಿ ಮಾಡಿದೆವು. ಮೂರು ತಿಂಗಳ ನಂತರ ತೆರೆದರೆ ಸಿಆರ್‌ಸಿ ದೋಷ! ಡಿಸ್ಕ್ ಪರೀಕ್ಷಿಸಿದರೆ ಅದು ಸರಿಯಾಗಿಯೇ ಇತ್ತು. ಜಿಪ್ ಮಾಡುವಾಗಲೇ ಪ್ರೊಸೆಸರ್ ಎಲ್ಲೋ ತಪ್ಪು ಲೆಕ್ಕ ಮಾಡಿತ್ತು. ಹೆಚ್ಚಿನ ಫೋಟೋಗಳು ಉಳಿದವು. ಅಮ್ಮ ದೋಣಿಯಲ್ಲಿ ಕೂತಿದ್ದ ಫೋಟೋ ಉಳಿಯಲಿಲ್ಲ.

ಒಂದು ಗಂಟೆಯ ಆಟ ಸ್ಥಿರತೆಯ ಪರೀಕ್ಷೆಯಲ್ಲ ಎಂಬುದು ನಮಗೆ ಆಗ ಅರ್ಥವಾಯಿತು. ಆಟದಲ್ಲಿ ಒಂದು ಚುಕ್ಕೆಯ ಬಣ್ಣ ತಪ್ಪಿದರೆ ಯಾರಿಗೆ ಗೊತ್ತಾಗುತ್ತದೆ? ಉತ್ತರವನ್ನು ತಾಳೆ ನೋಡುವ ತಂತ್ರಾಂಶ ಬೇಕು. ಅವಿಭಾಜ್ಯ ಸಂಖ್ಯೆಗಳನ್ನು ಹುಡುಕಲು ಬರೆದ ಪ್ರೈಮ್95 ಅಂಥದ್ದು. ತನ್ನ ಲೆಕ್ಕವನ್ನು ಮೊದಲೇ ಗೊತ್ತಿರುವ ಉತ್ತರದೊಂದಿಗೆ ಹೋಲಿಸಿ, ತಪ್ಪಿದ ಕೂಡಲೇ ಹೇಳುತ್ತದೆ. ಅದನ್ನು ಹಲವು ಗಂಟೆ, ಅದೂ ಜುಲೈ ಮಧ್ಯಾಹ್ನ ಓಡಿಸಬೇಕು. ತಣ್ಣನೆಯ ದೇಶದವರು ಹೇಳುವ ಅಂಕಿಗಳು ನಜ್ಮಾಕ್ಕೆ ಹೊಂದುವುದಿಲ್ಲ.

ಇನ್ನೊಂದು ವಿಷಯ. ಊರಿನಲ್ಲಿ ತೋಟದ ಪಂಪ್‌ಸೆಟ್ ಶುರುವಾದ ಕೂಡಲೇ ಮನೆಯ ಬಲ್ಬು ಮಂಕಾಗುತ್ತಿದ್ದುದು ನೆನಪಿದೆಯೇ? ಪ್ರೊಸೆಸರಿನಲ್ಲೂ ಹಾಗೆಯೇ. ಹೊರೆ ಒಮ್ಮೆಲೇ ಬಿದ್ದರೆ ವೋಲ್ಟೇಜ್ ಕುಸಿಯುತ್ತದೆ. ಸುಮ್ಮನಿದ್ದಾಗ 1.32 ತೋರಿಸಿದರೂ ಕೆಲಸದ ನಡುವೆ ಅಷ್ಟು ಇರುವುದಿಲ್ಲ. ಆ ಕುಸಿತ ತುಂಬಲು ಇನ್ನೂ ಏರಿಸುತ್ತಾ ಹೋದರೆ ಪ್ರೊಸೆಸರಿನ ಆಯುಷ್ಯಕ್ಕೆ ಕೈ ಹಾಕಿದಂತೆ.

ಆಯುಷ್ಯ ಸವೆಯುವುದು ಮುಖ್ಯವಾಗಿ ಎರಡು ರೀತಿಯಲ್ಲಿ. ಚಿಪ್ಪಿನೊಳಗಿನ ಕೂದಲಿಗಿಂತ ಎಷ್ಟೋ ಪಟ್ಟು ತೆಳುವಾದ ತಂತಿಗಳಲ್ಲಿ ಹರಿಯುವ ಎಲೆಕ್ಟ್ರಾನುಗಳು ಲೋಹದ ಪರಮಾಣುಗಳನ್ನೇ ನಿಧಾನವಾಗಿ ತಳ್ಳಿಕೊಂಡು ಹೋಗುತ್ತವೆ, ಮಳೆಗಾಲದ ಹೊಳೆ ದಡದ ಮಣ್ಣು ಒಯ್ಯುವಂತೆ. 1969ರಲ್ಲಿ ಜೇಮ್ಸ್ ಬ್ಲ್ಯಾಕ್ ಎಂಬ ಇಂಜಿನಿಯರ್ ಇದಕ್ಕೆ ಸೂತ್ರ ಕೊಟ್ಟರು: ತಂತಿಯಲ್ಲಿ ವಿದ್ಯುತ್ತಿನ ಸಾಂದ್ರತೆ ಇಮ್ಮಡಿಯಾದರೆ ಆಯುಷ್ಯ ಸುಮಾರು ಕಾಲುಭಾಗಕ್ಕೆ ಇಳಿಯುತ್ತದೆ, ಶಾಖ ಏರಿದರಂತೂ ಇನ್ನೂ ವೇಗವಾಗಿ ಕುಗ್ಗುತ್ತದೆ. ಎರಡನೆಯದಾಗಿ, ಟ್ರಾನ್ಸಿಸ್ಟರುಗಳಿಗೇ ವಯಸ್ಸಾಗುತ್ತದೆ. ಹಳೆಯ ಬಾಗಿಲನ್ನು ಜೋರಾಗಿ ತಳ್ಳಿದರಷ್ಟೇ ತೆರೆಯುವಂತೆ, ಅದೇ ವೇಗಕ್ಕೆ ವರ್ಷ ಕಳೆದಂತೆ ಹೆಚ್ಚು ವೋಲ್ಟೇಜ್ ಬೇಕಾಗುತ್ತದೆ. ಇವತ್ತು ಕೂದಲೆಳೆಯಲ್ಲಿ ಪಾಸಾದದ್ದು ಮುಂದಿನ ವರ್ಷ ಫೇಲಾಗಬಹುದು.

ಇದು ಓವರ್‌ಕ್ಲಾಕ್ ಮಾಡುವವರ ಪಾಡು ಮಾತ್ರವಲ್ಲ. ಇಂಟೆಲ್‌ನ 13 ಮತ್ತು 14ನೇ ಪೀಳಿಗೆಯ ಡೆಸ್ಕ್‌ಟಾಪ್ ಪ್ರೊಸೆಸರುಗಳು ಓವರ್‌ಕ್ಲಾಕ್ ಮಾಡದಿದ್ದರೂ ಅನೇಕರ ಬಳಿ ಕೆಟ್ಟವು. ಪ್ರೊಸೆಸರ್ ತಾನೇ ಅತಿಯಾದ ವೋಲ್ಟೇಜ್ ಕೇಳುತ್ತಿತ್ತೆಂದು ಕಂಪನಿ 2024ರಲ್ಲಿ ಒಪ್ಪಿಕೊಂಡು, ಆಗಸ್ಟ್‌ನಲ್ಲಿ ಅದನ್ನು 1.55ಕ್ಕೆ ಮಿತಿಗೊಳಿಸುವ ಬಯೋಸ್ ತಿದ್ದುಪಡಿ ಕೊಟ್ಟಿತು, ವಾರಂಟಿಯನ್ನು ಎರಡು ವರ್ಷ ವಿಸ್ತರಿಸಿತು. ಆಗಲೇ ಸವೆದುಹೋಗಿದ್ದನ್ನು ಆ ತಿದ್ದುಪಡಿ ಸರಿಮಾಡಲಾರದು. ನಿಮ್ಮ ಮನೆಯಲ್ಲಿ ಈ ಪೀಳಿಗೆಯ ಡೆಸ್ಕ್‌ಟಾಪ್ ಇದ್ದರೆ, ಓವರ್‌ಕ್ಲಾಕಿಂಗ್ ಮಾತು ಹಾಗಿರಲಿ, ಮೊದಲು ಬಯೋಸ್ ಹೊಸದಿದೆಯೇ ನೋಡಿ. ಸೆಕೆಂಡ್ ಹ್ಯಾಂಡ್ ಪ್ರೊಸೆಸರ್ ಕೊಳ್ಳುವಾಗಲೂ ಜಾಗ್ರತೆ. ನಮ್ಮ ಕಂಪ್ಯೂಟರ್ ಮೇಜು ಇಲ್ಲೇ ಸೂಕ್ ಹರಾಜ್‌ನಲ್ಲಿ ಕೊಂಡದ್ದು, ಅದರ ಗೀರು ಕಣ್ಣಿಗೆ ಕಾಣುತ್ತದೆ. ಪ್ರೊಸೆಸರಿನ ಗೀರು ಕಾಣುವುದಿಲ್ಲ.

ಈಗ ನಾವು ಉಲ್ಟಾ ದಾರಿಯಲ್ಲಿ ಹೋಗುತ್ತೇವೆ. ವೇಗ ಗೊತ್ತುಮಾಡಿ ವೋಲ್ಟೇಜ್ ಏರಿಸುವ ಬದಲು, ಬೇಸಿಗೆಯಲ್ಲಿ 80 ಡಿಗ್ರಿ ದಾಟದಂತೆ ವೋಲ್ಟೇಜನ್ನು ಮೊದಲು ಗೊತ್ತುಮಾಡಿಕೊಂಡು, ಅದರಲ್ಲಿ ಎಷ್ಟು ವೇಗ ಸಿಗುತ್ತದೋ ನೋಡುತ್ತೇವೆ. 100 ಮೆಗಾಹರ್ಟ್ಸ್‌ನಂತೆ ಏರಿಸಿ, ಪ್ರೈಮ್95 ತಪ್ಪು ಹೇಳಿದಲ್ಲಿ ನಿಲ್ಲಿಸಿ, ಅಲ್ಲಿಂದ ಎರಡು ಮೆಟ್ಟಿಲು ಕೆಳಗಿಳಿಯುತ್ತೇವೆ. ಒಂದು ಮೆಟ್ಟಿಲು ಬಿಸಿಲಿಗೆ, ಇನ್ನೊಂದು ವಯಸ್ಸಿಗೆ. ಇತ್ತೀಚಿನ ಪ್ರೊಸೆಸರುಗಳಾದರೆ ಟರ್ಬೋ ಹೆಸರಿನಲ್ಲಿ ತಾವೇ ಗರಿಷ್ಠದ ಹತ್ತಿರ ಓಡುವುದರಿಂದ, ಏರಿಸಲು ಉಳಿದಿರುವುದೇ ಸ್ವಲ್ಪ. ಅವುಗಳಲ್ಲಿ ವೋಲ್ಟೇಜ್ ತುಸು ಇಳಿಸುವುದೇ ಹೆಚ್ಚು ಲಾಭ. ಆದರೆ ಇಳಿಸಿದರೂ ಇದೇ ಪರೀಕ್ಷೆ ತಪ್ಪಿದ್ದಲ್ಲ.

ನಮ್ಮ ಯಂತ್ರ ಈಗ 1.18 ವೋಲ್ಟಿನಲ್ಲಿ 4.3 ಗಿಗಾಹರ್ಟ್ಸ್ ಓಡುತ್ತಿದೆ. ತಿಂಗಳಿಗೊಮ್ಮೆ ಬ್ಲೋವರ್ ಹಿಡಿದು ಧೂಳು ಹೊಡೆಯುವುದು ಮಗನ ಪಾಲಿನ ಕೆಲಸ. 4.4 ಮಾಡೋಣವೇ ಎಂದು ಆಗಾಗ ಕೇಳುತ್ತಲೇ ಇರುತ್ತಾನೆ. ಜುಲೈ ಬರಲಿ, ಮಧ್ಯಾಹ್ನ ಎರಡು ಗಂಟೆಗೆ ಪರೀಕ್ಷೆಗೆ ಕೂರಿಸೋಣ ಎಂದಿದ್ದೇವೆ.