ಬಾಗಿಲೇ ಇಲ್ಲದ 'ವಿಶ್ರಾಂತಿ ಕೋಣೆ': ಪೋರ್ಟಲ್ ಗೇಮ್ ಶುರುವಾಗೋ ಜಾಗದ ಕಥೆ

ಇವತ್ತು ನಿಮ್ಮನ್ನ ಒಂದು ಕೋಣೆಗೆ ಕರ್ಕೊಂಡು ಹೋಗ್ತೀನಿ. ಸುತ್ತಲೂ ಗಾಜಿನ ಗೋಡೆ. ಒಳಗೆ ಮಲಗೋಕೆ ಜಾಗ, ಒಂದು ಟಾಯ್ಲೆಟ್, ಒಂದೇ ಟ್ಯೂನ್ ಮತ್ತೆ ಮತ್ತೆ ಹಾಡೋ ಪುಟ್ಟ ರೇಡಿಯೋ. ಎಲ್ಲಾ ಇದೆ, ಹೊರಗೆ ಹೋಗೋ ದಾರಿ ಮಾತ್ರ ಇಲ್ಲ.

ಇದು 2007ರಲ್ಲಿ ವಾಲ್ವ್ ಕಂಪನಿ ಹೊರತಂದ 'ಪೋರ್ಟಲ್' ಗೇಮ್‌ನ ಮೊದಲ ದೃಶ್ಯ. ಅಪರ್ಚರ್ ಸೈನ್ಸ್ ಅನ್ನೋ ಕಾಲ್ಪನಿಕ ಸಂಸ್ಥೆ, ಚೆಲ್ ಅನ್ನೋ ಹೆಣ್ಣುಮಗಳನ್ನ ಪ್ರಯೋಗಕ್ಕಾಗಿ ಇಲ್ಲಿ ಇಟ್ಟಿರುತ್ತೆ. ಕೋಣೆಯ ಹೆಸರು 'ರಿಲ್ಯಾಕ್ಸೇಶನ್ ವಾಲ್ಟ್'. ವಾಲ್ಟ್ ಅಂದ್ರೆ ಬ್ಯಾಂಕಲ್ಲಿ ಒಡವೆ ಇಡೋ ಭದ್ರಕೋಣೆ ಅಲ್ವಾ? ಇಲ್ಲಿ ವಿಶ್ರಾಂತಿ ಅಂತ ಹೇಳಿ ಮನುಷ್ಯರನ್ನೇ ಇಟ್ಟು ಬೀಗ ಹಾಕಿದ್ದಾರೆ.

ನಾನು ಮೊದಲ ಸಲ ಆಡಿದಾಗ ಬಾಗಿಲು ಹುಡುಕ್ತಾ ಸುತ್ತು ಹಾಕಿದೆ. ರೇಡಿಯೋ ಎತ್ತಿ ಗಾಜಿಗೆ ಎಸೆದೂ ನೋಡಿದೆ. ಏನೂ ಆಗಲಿಲ್ಲ. ಆಮೇಲೆ ಗ್ಲಾಡೋಸ್ ಅನ್ನೋ ಕಂಪ್ಯೂಟರ್ ದನಿ ಸ್ವಾಗತ ಕೋರಿ, ಮೂರು, ಎರಡು, ಒಂದು ಅಂತ ಎಣಿಸ್ತು. ಗೋಡೆಯಲ್ಲಿ ಮೊಟ್ಟೆಯಾಕಾರದ ಕಿಂಡಿ ತೆರೀತು. ಅದರಾಚೆ ಕಿತ್ತಳೆ ಬಟ್ಟೆ ತೊಟ್ಟ ಒಬ್ಬಳು ನಿಂತಿದ್ಲು. ನಾನು ಸರಿದ್ರೆ ಅವಳೂ ಸರೀತಾಳೆ. ಅವಳು ಬೇರೆ ಯಾರೂ ಅಲ್ಲ, ನಾನೇ!

ಡಿಸೈನ್‌ನ ಜಾಣತನ ಇರೋದು ಇಲ್ಲೇ. ಈ ಕಿಂಡಿಯಲ್ಲಿ ಹೊಕ್ಕರೆ ಆ ಕಿಂಡಿಯಲ್ಲಿ ಬರ್ತೀರಿ ಅನ್ನೋ ಇಡೀ ಗೇಮ್‌ನ ನಿಯಮ, ಪಾಠ ಮಾಡದೇ ಒಂದೇ ನೋಟದಲ್ಲಿ ಅರ್ಥ ಆಗುತ್ತೆ. ಆದ್ರೆ ಆ ಕಿಂಡಿ ಚೆಲ್‌ಳನ್ನ ಮನೆಗೆ ಕಳಿಸಲ್ಲ, ಮುಂದಿನ ಟೆಸ್ಟ್‌ಗೆ ಕಳಿಸುತ್ತೆ.

2011ರ 'ಪೋರ್ಟಲ್ 2'ನಲ್ಲಿ ಕೋಣೆ ಹೋಟೆಲ್ ರೂಮಿನ ಹಾಗಿದೆ. ಮೇಲೆ ನೋಡಿ, ಕೆಳಗೆ ನೋಡಿ, ಗೋಡೆಯ ಚಿತ್ರ ನೋಡಿ ಅಂತ ದನಿಯೊಂದು ಹೇಳುತ್ತೆ. ನಾವು ಕಂಟ್ರೋಲ್ಸ್ ಕಲೀತಿದ್ದೀವಿ ಅಂದ್ಕೋತೀವಿ. ಜೊತೆಗೇ, ಹೇಳಿದ ಹಾಗೆ ಕೇಳೋದನ್ನೂ ಕಲೀತಿರ್ತೀವಿ. ಮತ್ತೆ ಮಲಗಿ ಎದ್ದಾಗ ರೂಮ್ ಪಾಳುಬಿದ್ದಿದೆ, ಹಾಸಿಗೆ ಮೈಯಾಕಾರಕ್ಕೆ ತಗ್ಗಾಗಿದೆ. ಎಷ್ಟು ಕಾಲ ಕಳೆದಿದೆ ಅಂತ ಆ ತಗ್ಗೇ ಹೇಳುತ್ತೆ.

ಗೇಮ್ ಪಕ್ಕಕ್ಕಿಡಿ. ಮನುಷ್ಯರ ಮೇಲೆ ಪ್ರಯೋಗ ಮಾಡೋಕೆ 1947ರ ನ್ಯೂರೆಂಬರ್ಗ್ ಸಂಹಿತೆ ಹಾಕಿದ ಮೊದಲ ಷರತ್ತು, ಆ ವ್ಯಕ್ತಿಯ ಸ್ವಇಚ್ಛೆಯ ಒಪ್ಪಿಗೆ. ಮುಂದುವರಿಯೋಕೆ ಆಗಲ್ಲ ಅನಿಸಿದ್ರೆ ಮಧ್ಯದಲ್ಲೇ ಪ್ರಯೋಗ ನಿಲ್ಲಿಸೋ ಸ್ವಾತಂತ್ರ್ಯವೂ ಅವರಿಗೆ ಇರಬೇಕು. ಚೆಲ್‌ಗೆ ಹಾಸಿಗೆ ಕೊಟ್ಟರು, ಹಾಡು ಹಾಕಿದರು, 'ಬೇಡ' ಅನ್ನೋ ಅವಕಾಶ ಮಾತ್ರ ಕೊಡಲಿಲ್ಲ.

ಹಾಗಾಗಿ ಇನ್ಮೇಲೆ ಯಾರಾದ್ರೂ 'ಆರಾಮಾಗಿರಿ' ಅಂತ ಎಲ್ಲಾದ್ರೂ ಕೂರಿಸಿದ್ರೆ, ಮೊದಲು ಬಾಗಿಲು ಎಲ್ಲಿದೆ ನೋಡ್ಕೊಳ್ಳಿ.