ಹೊರಗೆ ಗೆದ್ದ ಲಸಿಕೆ ಇಲ್ಲಿ ಸೋತೀತು

1968ರಲ್ಲಿ ಮದ್ರಾಸಿನ ಪಕ್ಕದ ಚೆಂಗಲ್ಪಟ್ಟಿನಲ್ಲಿ ಬಿಸಿಜಿ ಲಸಿಕೆಯನ್ನು ಲಕ್ಷಾಂತರ ಜನರಲ್ಲಿ ಪರೀಕ್ಷಿಸಲು ತೊಡಗಿದರು. ಬ್ರಿಟನ್ನಿನ ಹದಿಹರೆಯದವರಲ್ಲಿ ಬಿಸಿಜಿ ಕ್ಷಯವನ್ನು ಮುಕ್ಕಾಲು ಪಾಲು ತಡೆದಿತ್ತು. ಚೆಂಗಲ್ಪಟ್ಟಿನಲ್ಲಿ ಹದಿನೈದು ವರ್ಷ ಕಾದು ನೋಡಿದರೂ ದೊಡ್ಡವರ ಶ್ವಾಸಕೋಶದ ಕ್ಷಯ ಕಡಿಮೆಯಾಗಲಿಲ್ಲ. ಇಲ್ಲಿನ ಮಣ್ಣು, ನೀರಿನಲ್ಲಿರುವ ಕ್ಷಯಾಣುವಿನ ದಾಯಾದಿ ಬ್ಯಾಕ್ಟೀರಿಯಾಗಳು ನಮ್ಮ ಮೈಯನ್ನು ಮೊದಲೇ ಪಳಗಿಸಿ, ಲಸಿಕೆಗೆ ಕೆಲಸ ಉಳಿಸಲಿಲ್ಲ ಎಂಬುದು ಒಂದು ಬಲವಾದ ವಿವರಣೆ.

1921ರಿಂದ ಬಳಕೆಯಲ್ಲಿರುವ ಆ ಬಿಸಿಜಿಯೇ ಇಂದಿಗೂ ನಮಗಿರುವ ಲಸಿಕೆ. ಹಸುಗೂಸುಗಳನ್ನು ಮಿದುಳುಪೊರೆಯ ಕ್ಷಯದಿಂದ ಅದು ಕಾಯುತ್ತದೆ, ಆದ್ದರಿಂದ ತಪ್ಪದೆ ಹಾಕಿಸಲೇಬೇಕು. ಆದರೆ ರೋಗ ಹರಡುವುದು ಹೆಚ್ಚಾಗಿ ಕೆಮ್ಮುವ ದೊಡ್ಡವರಿಂದ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2023ರಲ್ಲಿ 1.08 ಕೋಟಿ ಜನರಿಗೆ ಕ್ಷಯ ತಗುಲಿತು, 12.5 ಲಕ್ಷ ಜನ ಸತ್ತರು. ರೋಗಿಗಳಲ್ಲಿ ಕಾಲುಭಾಗಕ್ಕೂ ಹೆಚ್ಚು ಮಂದಿ ಭಾರತದವರು.

ಈಗ ಎಲ್ಲರ ಕಣ್ಣು ಎಂ72 ಎಂಬ ಹೊಸ ಲಸಿಕೆಯ ಮೇಲಿದೆ. ಕೀನ್ಯಾ, ದಕ್ಷಿಣ ಆಫ್ರಿಕಾ, ಜಾಂಬಿಯಾಗಳಲ್ಲಿ ಸೋಂಕಿದ್ದೂ ಕಾಯಿಲೆ ಬೀಳದ ವಯಸ್ಕರಿಗೆ ಕೊಟ್ಟು ಮೂರು ವರ್ಷ ಗಮನಿಸಿದಾಗ, ಲಸಿಕೆ ಪಡೆದವರಲ್ಲಿ 13 ಮಂದಿಗೆ, ಪಡೆಯದವರಲ್ಲಿ 26 ಮಂದಿಗೆ ಕ್ಷಯ ಬಂತು. ಅರ್ಧಕ್ಕರ್ಧ ತಡೆ! ಸಂತೋಷದ ಸುದ್ದಿಯೇ, ಆದರೆ ಎಣಿಕೆ ಎಷ್ಟು ಸಣ್ಣದು ನೋಡಿ. 2024ರಲ್ಲಿ ದೊಡ್ಡ ಪ್ರಯೋಗ ಆರಂಭವಾಯಿತು. ಆ ಪ್ರಯೋಗದಲ್ಲಿ ಭಾರತದ ಒಂದು ಊರೂ ಇಲ್ಲ.

ನನ್ನ ಆತಂಕ ಇಲ್ಲಿಯೇ. ಫಲಿತಾಂಶ ಚೆನ್ನಾಗಿ ಬಂದರೂ ಅದು ನಮ್ಮ ಜನಕ್ಕೆ ಹೊಂದುತ್ತದೆಯೇ ಎಂದು ಆಗ ಪರೀಕ್ಷೆಗೆ ಇಳಿದರೆ ವರ್ಷಗಳೇ ಉರುಳುತ್ತವೆ, ಪರೀಕ್ಷಿಸದೆ ಹಂಚಿದರೆ ಚೆಂಗಲ್ಪಟ್ಟು ಮರುಕಳಿಸೀತು. ಇನ್ನೊಂದು ತೊಡಕು ಪೂರೈಕೆಯದು. ಎಂ72 ಜೊತೆ ಬೆರೆಸುವ ಶಕ್ತಿವರ್ಧಕದಲ್ಲಿ ಚಿಲಿ ದೇಶದ ಒಂದು ಮರದ ತೊಗಟೆಯ ಸಾರವಿದೆ. ಅದೇ ಶಕ್ತಿವರ್ಧಕವನ್ನು ಶ್ರೀಮಂತ ದೇಶಗಳ ಹಿರಿಯರಿಗೆ ಕೊಡುವ ಸರ್ಪಸುತ್ತಿನ ಲಸಿಕೆಗೂ ಬಳಸುತ್ತಾರೆ. ಯಾರ ಪಾಲು ಮೊದಲು ಎಂಬುದನ್ನು ಲಸಿಕೆ ಸಿದ್ಧವಾಗುವ ಮುಂಚೆಯೇ ಒಪ್ಪಂದದಲ್ಲಿ ಬರೆಸಿಕೊಳ್ಳಬೇಕು.

ಎಂಟಿಬಿವ್ಯಾಕ್ ಎಂಬ ಮತ್ತೊಂದು ಲಸಿಕೆಯ ಪ್ರಯೋಗ 2024ರಲ್ಲಿ ಭಾರತದಲ್ಲೇ ಶುರುವಾಗಿದೆ, ಅದಿನ್ನೂ ಆರಂಭದ ಹಂತ. ಇಂಥ ಪ್ರಯೋಗಗಳಿಗೆ ಬೇಕಾದ, ಸಾವಿರಾರು ಜನರನ್ನು ವರ್ಷಗಟ್ಟಲೆ ಹಿಂಬಾಲಿಸುವ ಕಸುಬು ನಮಗೆ ಹೊಸದಲ್ಲ. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯವರು 1960ರ ದಶಕದಲ್ಲಿ ಸುತ್ತಲಿನ 119 ಹಳ್ಳಿಗಳಿಗೆ ಮತ್ತೆ ಮತ್ತೆ ಹೋಗಿ, ಚಿಕಿತ್ಸೆ ಸಿಗದ ರೋಗಿಗಳಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಮಂದಿ ಐದು ವರ್ಷದೊಳಗೆ ಸಾಯುತ್ತಾರೆಂದು ದಾಖಲಿಸಿದರು. ಅಂಥ ತಂಡಗಳನ್ನು ಎಂ72ರ ದೊಡ್ಡ ಪ್ರಯೋಗದ ಫಲಿತಾಂಶ ಬರುವ ಮೊದಲೇ ಕಟ್ಟಬೇಕು.