ಬರ್ಗರಿಗೆ ಹೊರಟ ಮಿಡಿಸೌತೆ

ಸೌತೆ ನಮ್ಮದೇ ನೆಲದ ಬಳ್ಳಿ. ಅದರ ಕಹಿಕಾಯಿಯ ಕಾಡುಬಂಧು ಹಿಮಾಲಯದ ತಪ್ಪಲಲ್ಲಿ ಈಗಲೂ ಹಬ್ಬುತ್ತದೆ. ಇಲ್ಲಿಂದ ಪಡುವಣಕ್ಕೆ ಹೋದ ಬಳ್ಳಿಯ ಎಳೆಗಾಯಿಗಳನ್ನು ಯುರೋಪಿನವರು ವಿನೆಗರಿನಲ್ಲಿ ನೆನೆಹಾಕಿದರು, ಅದಕ್ಕೆಂದೇ ಗಿಡ್ಡ ಕಾಯಿಯ ತಳಿಗಳನ್ನು ಬೆಳೆಸಿದರು. ಎಷ್ಟೋ ಶತಮಾನ ಕಳೆದು, 1990ರ ದಶಕದ ಆರಂಭದಲ್ಲಿ, ಅದೇ ಸೌತೆ ಗೆರ್ಕಿನ್ ಎಂಬ ಹೆಸರು ಹೊತ್ತು ಕರ್ನಾಟಕದ ಹೊಲಗಳಿಗೆ ಬಂತು.

ಬರಲು ಕಾರಣವಿತ್ತು. ಯುರೋಪಿನಲ್ಲಿ ಬೇಸಿಗೆಯಲ್ಲಷ್ಟೇ ಬೆಳೆ, ಕೈಯಲ್ಲಿ ಬಿಡಿಸುವ ಕೂಲಿಯೂ ದುಬಾರಿ. ನಮ್ಮಲ್ಲಿ ಸುಮಾರು 90 ದಿನಕ್ಕೊಂದು ಬೆಳೆ ಮುಗಿಯುತ್ತದೆ. ಬೀಜ, ಗೊಬ್ಬರ, ಔಷಧಿಯನ್ನು ಕಂಪನಿಯೇ ಸಾಲವಾಗಿ ಕೊಟ್ಟು, ಬೆಲೆಯನ್ನೂ ಮೊದಲೇ ಗೊತ್ತುಮಾಡುವ ಒಪ್ಪಂದಕ್ಕೆ ತುಂಡುಭೂಮಿಯ ರೈತರು ಒಪ್ಪಿದರು. ಆಮೇಲಿನ ಬೆಳವಣಿಗೆ ಬೆರಗು ಹುಟ್ಟಿಸುವಂಥದ್ದು: 2020-21ರಲ್ಲಿ ದೇಶದಿಂದ ಹೊರಹೋದ ಸೌತೆ-ಗೆರ್ಕಿನ್ 2 ಲಕ್ಷ ಟನ್ ದಾಟಿತ್ತು. ಕರ್ನಾಟಕ, ತಮಿಳುನಾಡು, ಆಂಧ್ರ, ತೆಲಂಗಾಣಗಳಲ್ಲಿ ಸುಮಾರು 90 ಸಾವಿರ ಸಣ್ಣ ರೈತರು ಇದನ್ನು ಬೆಳೆಯುತ್ತಿದ್ದರು.

ಈ ಉದ್ಯಮದ ಅಸಲು ಕಥೆ ನಡೆಯುವುದು ಕೊಯ್ಲಿನ ಸಾಲಿನಲ್ಲಿ. ಹಂದರದ ಎಲೆ ಸರಿಸಿದರೆ ಬೆರಳುದ್ದದ ಕಾಯಿ, ತುದಿಯಲ್ಲಿ ಬಾಡಿದ ಹಳದಿ ಹೂವು. ಇವತ್ತು ಕಣ್ತಪ್ಪಿದ ಕಾಯಿ ನಾಳೆಗೆ ದಪ್ಪಗಾಗಿ ಕೆಳಗಿನ ದರ್ಜೆಗೆ ಇಳಿಯುತ್ತದೆ. ಕಿಲೋಗೆ ಎಷ್ಟು ಕಾಯಿ ತೂಗುತ್ತವೆ ಎಂಬುದರ ಮೇಲೆ ದರ. ಕಾಯಿ ಚಿಕ್ಕದಾದಷ್ಟೂ ದುಡ್ಡು ಹೆಚ್ಚು. ಹಾಗಾಗಿ ಹಬ್ಬವಿರಲಿ, ಮದುವೆಯಿರಲಿ, ಯಾರಾದರೂ ಬೆಳಿಗ್ಗೆ ಬಳ್ಳಿಯ ಬುಡದಲ್ಲಿ ಬಗ್ಗಲೇಬೇಕು. ಬಗ್ಗುವವರು ಹೆಚ್ಚಾಗಿ ಹೆಂಗಸರು. ಗಂಟೆಗಟ್ಟಲೆ ಬಗ್ಗಿದ ಆ ಸೊಂಟದ ನೋವಿಗೆ ಯಾವ ಒಪ್ಪಂದದಲ್ಲೂ ದರ್ಜೆಯಿಲ್ಲ.

ಕಾರ್ಖಾನೆಯಲ್ಲಿ ತೊಳೆದು, ಗಾತ್ರ ಬೇರ್ಪಡಿಸಿ, ಒಂದಷ್ಟನ್ನು ಗಾಜಿನ ಜಾಡಿಗೆ ತುಂಬಿ ಬಿಸಿಮಾಡಿ ಮುಚ್ಚುತ್ತಾರೆ. ದೊಡ್ಡ ಪಾಲು ಉಪ್ಪುನೀರಿನ, ವಿನೆಗರಿನ ಡ್ರಮ್ಮುಗಳಲ್ಲಿ ಹಡಗು ಹತ್ತಿ, ಆ ಕಡೆ ಮರುಪ್ಯಾಕ್ ಆಗಿ ಅಲ್ಲಿನ ಬ್ರ್ಯಾಂಡಿನ ಲೇಬಲ್ ಹಚ್ಚಿಕೊಳ್ಳುತ್ತದೆ. ಹಾಗೆ ಹೋದ ಕಾಯಿಯ ಜೊತೆ ಬೆಳೆದ ಊರಿನ ಹೆಸರು ಹೋಗುವುದಿಲ್ಲ.

ನನ್ನನ್ನು ಕಾಡುವುದು ಉಳಿದ ಕಾಯಿಯ ಗತಿ. ಗಾತ್ರ ಮೀರಿದ್ದನ್ನು ಕಂಪನಿ ಒಲ್ಲದು, ಸಂತೆಯಲ್ಲೂ ಕೇಳುವವರಿಲ್ಲ. ಅದು ದನದ ಮುಂದೆ ಬೀಳುತ್ತದೆ. ಮಾವಿನಮಿಡಿಯನ್ನು ಉಪ್ಪಿಗೆ ಹಾಕಿ ವರ್ಷಗಟ್ಟಲೆ ಕೆಡದಂತೆ ಕಾಯುವುದು ಗೊತ್ತಿದ್ದ ನಾಡು ನಮ್ಮದು. ಮೂವತ್ತು ವರ್ಷ ಈ ಕಾಯಿ ಬೆಳೆದೂ, ಅದಕ್ಕೆ ನಮ್ಮ ಭರಣಿಯಲ್ಲಿ ಜಾಗ ಮಾಡಿಕೊಡುವ ಒಂದು ಗೃಹೋದ್ಯಮವನ್ನಾದರೂ ಬೆಳೆಯುವ ಊರುಗಳಲ್ಲಿ ಗಟ್ಟಿಯಾಗಿ ನಿಲ್ಲಿಸಬೇಕಿತ್ತು.